ಸೆರಗಿನಲ್ಲಿ ಕಟ್ಟಿದ ಕೈ

ಭಾಲ್ಕಿಯಿಂದ ಸಾಯಗಾಂವದ ಕಡೆಗೆ ಹೋಗುವ ಬಸ್ಸು ನಿಲ್ಲುವ ಊರುಗಳಲ್ಲಿ ಅದೂ ಒಂದು. ಹೆಸರು ಹೇಳಿದರೆ ಬೇಸರಪಡುವವರು ಇದ್ದಾರು, ಅದಕ್ಕೆ ಹೆಸರು ಬೇಡ. ಊರನ್ನು ಒಂದು ದಾರಿ ಎರಡು ಮಾಡಿದೆ. ಈಗ ಅದು ಡಾಂಬರು ರಸ್ತೆ. ಶೇವಂತಾಬಾಯಿ ಸೊಸೆಯಾಗಿ ಬಂದ ಕಾಲಕ್ಕೆ ಬಂಡಿಯ ಗಾಲಿ ಹೂತುಹೋಗುವಂಥ ಕರಿಮಣ್ಣಿನ ದಾರಿಯಾಗಿತ್ತು. ದಾರಿಯ ಮೇಲ್ಬದಿಗೆ ದಾನಮ್ಮನವರ ಓಣಿ, ಕೆಳಬದಿಗೆ ಶೇವಂತಾಬಾಯಿಯ ಓಣಿ.

ದಸರೆಯಿಂದ ಸೀಗಿ ಹುಣ್ಣಿಮೆಯವರೆಗೆ, ಸಂಜೆಯಾಯಿತೆಂದರೆ ಅಲ್ಲಿ ಬುಲಾಯಿ ಆಡುತ್ತಿದ್ದರು. ಹೆಂಗಸರು ಸುತ್ತುಗಟ್ಟಿ, ಬಾಗಿ ಎದ್ದು, ಚಪ್ಪಾಳೆ ಹೊಡೆಯುತ್ತ, ಗೌರಿ ತವರಿಗೆ ಬಂದ ಹಾಡು ಹಾಡುವ ಆಟ. ಸುತ್ತಮುತ್ತಲ ಊರುಗಳಲ್ಲೂ ಇದೆ. ಆದರೆ ಆ ಊರಿನ ರೀತಿ ಬೇರೆ. ಅಲ್ಲಿ ಮೇಲಿನ ಓಣಿಯ ಸುತ್ತು ಹಾಡಿನಲ್ಲಿ ಕೇಳಬೇಕು, ಕೆಳಗಿನ ಓಣಿಯವರು ದಾರಿಯಂಚಿನ ಬೇವಿನ ಗಿಡದ ಆಚೆಗೇ ನಿಂತು, ದಾರಿ ದಾಟದೆ, ಹಾಡಿನಲ್ಲಿ ಉತ್ತರ ಕೊಡಬೇಕು.

*ಬಂದಾಳ ಬುಲಾಯಿ ತವರಿಗಿ ಬಂದಾಳ*
*ಯಾವ ದಾರಿ ಹಿಡಿದು ಬಂದಾಳ?*

ಹೀಗೆ ಮೇಲಿನವರು ಕೇಳಿದ ಕೂಡಲೇ ಕೆಳಗಿನಿಂದ ಉತ್ತರ ಏಳುತ್ತಿತ್ತು:

*ನಮ್ಮ ಓಣಿ ದಾರಿ ಹಿಡಿದು ಬಂದಾಳ*
*ನಮ್ಮ ಕೊಡದ ನೀರು ಕುಡಿದು ಬಂದಾಳ.*

ಏಳುತ್ತಿತ್ತು ಅಷ್ಟೇ, ಮೇಲಿನವರ ಕಿವಿಗೆ ಬೀಳುತ್ತಿರಲಿಲ್ಲ. ಉತ್ತರ ಶುರುವಾಗುವ ಹೊತ್ತಿಗೆ ಸುತ್ತಿನ ಹೆಂಗಸರೆಲ್ಲ ಚಪ್ಪಾಳೆಯನ್ನು ಒಮ್ಮೆಗೇ ಜೋರು ಮಾಡುತ್ತಿದ್ದರು. ಗಿಡದಲ್ಲಿ ಕೂತ ಗುಬ್ಬಿಗಳು ಗಾಬರಿಬಿದ್ದು ಹಾರುವಷ್ಟು ಜೋರು. ರಾಗ ಮಾತ್ರ ಆ ಸದ್ದಿನ ಮೇಲೆ ತೇಲಿಬರುತ್ತಿತ್ತು, ಮಾತು ಮುಳುಗುತ್ತಿತ್ತು. ಮುಳುಗಲಿ ಎಂದೇ ಆ ಚಪ್ಪಾಳೆ. ಉತ್ತರವಿಲ್ಲದಿದ್ದರೆ ಹಾಡು ಮುಂದಕ್ಕೆ ಹೋಗುವಂತಿಲ್ಲ, ಉತ್ತರ ಕಿವಿಗೆ ಬೀಳುವಂತೆಯೂ ಇಲ್ಲ. ಹಿರಿಯರು ಎರಡಕ್ಕೂ ಕೂಡಿಸಿ ಕಂಡುಕೊಂಡ ಉಪಾಯ ಅದು.

ಶೇವಂತಾಬಾಯಿಗೆ ಉತ್ತರ ಕಲಿಸಿದವಳು ಅವಳ ಅತ್ತೆ. ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತ ಕಲಿಸಿದ್ದಳು. "ಕೇಳಲಿ, ಬಿಡಲಿ. ನೀ ಒಂದು ಮಾತೂ ನುಂಗಬ್ಯಾಡ. ನುಂಗಿದಿ ಅಂದ್ರ ಅವರ ಚಪ್ಪಾಳಿ ಗೆದ್ದಂಗ," ಅಂದಿದ್ದಳು.

ಆಮೇಲೆ ಕಾಲ ಹೊರಳಿತು. ಕೆಳಗಿನ ಓಣಿಯ ಮಕ್ಕಳು ಸಾಲಿ ಕಲಿತರು, ನೌಕರಿ ಹಿಡಿದರು, ಓಣಿಯ ನಡುವೆ ಬುದ್ಧ ವಿಹಾರ ಎದ್ದಿತು. ಗಿಡದ ಆಚೆ ನಿಂತು ಯಾರದೋ ಅಂಗಳಕ್ಕೆ ಹಾಡುವುದು ಏತಕ್ಕೆ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಉತ್ತರ ನಿಂತಿತು. ಮೇಲಿನ ಓಣಿಯಲ್ಲಿ ಬುಲಾಯಿ ನಿಲ್ಲಲಿಲ್ಲ. ದಾನಮ್ಮ ಪ್ರತಿವರ್ಷ ಕೇಳುತ್ತಿದ್ದರು, ಉತ್ತರದ ಜಾಗದಲ್ಲಿ ಬರೀ ಚಪ್ಪಾಳೆ ಹೊಡೆದು ಮುಂದಿನ ಸಾಲಿಗೆ ಹೋಗುತ್ತಿದ್ದರು. ಆ ಚಪ್ಪಾಳೆ ದಾರಿ ದಾಟಿ ಬಂದಾಗ ಶೇವಂತಾಬಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದಳು. ತುಟಿ ಅಲುಗಾಡುತ್ತಿತ್ತು. ಮೊಮ್ಮಗಳು ಮನಿಷಾ ಸಣ್ಣವಳಿದ್ದಾಗ, "ಆಯಿ, ಏನು ತಿನ್ನಾಕತ್ತಿ? ನನಗೂ ಕೊಡು," ಎಂದು ಬಾಯಿಗೆ ಬೆರಳು ಹಾಕಿ ನೋಡಿದ್ದೂ ಉಂಟು.

ಹೀಗಿರುವಾಗ, ಹೋದ ವರ್ಷ, ಔರಾದದಿಂದ ವಿಶ್ವಾಸ ಮಾಸ್ತರ ಬಂದ. ಸಾಲಿಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಊರೂರು ತಿರುಗಿ, ಓಣಿಯವರ ಹಾಡು ಕುಣಿತಗಳನ್ನು ಓಣಿಯವರ ಕೈಯಿಂದಲೇ ಎಬ್ಬಿಸಿ ನಿಲ್ಲಿಸಬೇಕು ಎಂದು ಹಂಬಲಿಸುವ ಮನುಷ್ಯ. ನಾಲ್ಕು ಮಂದಿ ಗೆಳೆಯರೊಡನೆ ಬೀದರದಲ್ಲಿ 'ಓಣಿ ಮೇಳ' ಎಂದು ಒಂದು ದಿನದ ಕಾರ್ಯಕ್ರಮ ಇಟ್ಟುಕೊಂಡಿದ್ದ. ಅದಕ್ಕೆಂದು ಊರಿನ ಸಾಲಿಯ ಅಂಗಳದಲ್ಲಿ ಎರಡೂ ಓಣಿಯ ಹೆಂಗಸರನ್ನು ಕೂಡಿಸಿದ.

"ನಾವು ಬಂದು ಇದು ಹಾಡ್ರಿ, ಹಿಂಗ ನಿಂದರ್ರಿ ಅನ್ನಂಗಿಲ್ಲರಿ," ಎಂದ. "ಹಾಡು ನಿಮ್ಮದು. ಯಾರು ಬರಬೇಕು, ಹ್ಯಾಂಗ ಹಾಡಬೇಕು, ಎಲ್ಲಾ ನೀವೇ ಕೂತು ಠರಾಯಿಸ್ರಿ."

"ಅದೇ ಕಠಿಣ ಕೆಲಸ ನಮ್ಮ ತಲಿ ಮ್ಯಾಲ ಹಾಕಿದ್ರಿ ನೋಡ್ರಿ ಮಾಸ್ತರ," ಎಂದರು ದಾನಮ್ಮ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಊರುಗೋಲು, ಬಾಯಿ ಮಾತ್ರ ಇನ್ನೂ ಸೊಸೆಯಂದಿರನ್ನು ಅಳ್ಳಾಡಿಸುವಂಥದು. "ಕೇಳೂದು ನಮ್ಮ ಕಡಿ ಅದ. ಉತ್ತರ ಇಲ್ಲ."

ಅವರ ಸೊಸೆ ಸುಮಿತ್ರಾಬಾಯಿ, "ಉತ್ತರ ನಾವೇ ಎರಡು ಸಾಲು ಕಟ್ಟೂಣು ಬಿಡ್ರಿ ಅತ್ತಿ," ಅಂದಳು.

"ನೀ ಕಟ್ಟಿದ್ದು ಕೇಳೀನಿ. ಹೋದ ವರ್ಷ ಗಣಪತಿ ಮುಂದ ಹಾಡಿದ್ದಿ. ಪಾಪ, ದೇವರು ಮರುದಿನಾನೇ ನೀರಿಗಿ ಬಿದ್ದ."

ಎರಡೂ ಕಡೆಯ ಹೆಂಗಸರು ನಕ್ಕರು. ಸುಮಿತ್ರಾಬಾಯಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ಇಳಿದ ಮೇಲೆ ದಾನಮ್ಮ ಅಂಗಳದ ಆ ಬದಿಗೆ ನೋಡಿದರು.

"ಶೇವಂತಾ, ನೀ ಬರ್ತಿ ಏನು?"

ಶೇವಂತಾಬಾಯಿ ಬಾಯಿ ತೆರೆಯುವ ಮೊದಲೇ ಮನಿಷಾ ಎದ್ದಳು. ಬೀದರದ ಮೈಲೂರಿನಲ್ಲಿ ಖೋಲಿ ಮಾಡಿಕೊಂಡು ಡಿಗ್ರಿ ಓದುವ ಹುಡುಗಿ. "ನಮ್ಮ ಆಯಿ ಬರಂಗಿಲ್ಲರಿ. ಬೇವಿನ ಗಿಡದ ಆಚಿ ನಿಂತು ಹಾಡಿದ್ದು ಸಾಕು. ಈಗ ಅದನ್ನ ಬೀದರದ ಮಂದಿಗಿ ಬ್ಯಾರೆ ತೋರಸೂದಾ?"

"ಗಿಡದ ಆಚಿ ಯಾಕ ನಿಂದರ್ತಾಳವ್ವ? ಸುತ್ತಿನ ನಡುವ ನಿಂದರ್ತಾಳ," ಎಂದರು ದಾನಮ್ಮ.

"ನಡುವ ನಿಂತ್ರೂ ನೀವು ಚಪ್ಪಾಳಿ ಹೊಡೀತೀರಿ."

ಅಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಆಡದ ಮಾತು ಅದು. ದಾನಮ್ಮ ಊರುಗೋಲಿನಿಂದ ಮಣ್ಣು ಕೆದರುತ್ತ ಕೂತರು.

"ಹೊಡಿಯಂಗಿಲ್ಲ," ಎಂದರು ಕೊನೆಗೆ. "ನಮ್ಮತ್ತಿ ಹೊಡಿ ಅಂದಳು, ಹೊಡದೆ. ನನ್ನ ಸೊಸಿಗಿ ನಾ ಅಂದೆ, ಆಕಿ ಹೊಡದಳು. ಈಗ ವಯಸ್ಸಾತು. ನಾ ಇಷ್ಟು ವರ್ಷ ಕೇಳಿದ ಮಾತಿಗಿ ಉತ್ತರ ಏನಿತ್ತು ಅಂತ ತಿಳೀದೆ ಹೋಗಬೇಕೇನು? ನನಗ ಒಮ್ಮಿ ಕೇಳಬೇಕಾಗ್ಯಾದ ಶೇವಂತಾ. ಪೂರಾ ಕೇಳಬೇಕಾಗ್ಯಾದ."

ಇದನ್ನು ಕೇಳಲು ತನ್ನ ಅತ್ತೆ ಇರಬೇಕಿತ್ತು ಎಂದು ಶೇವಂತಾಬಾಯಿಗೆ ಅನಿಸಿತು. ಮೊಮ್ಮಗಳ ಕೈ ಹಿಡಿದು ಕೂರಿಸಿ, ನಿಧಾನಕ್ಕೆ, "ಹಾಡ್ತೇನಿರಿ ದಾನಮ್ಮಾರ," ಎಂದಳು. "ಖರೇ, ಹಾಡಿನ ಮಾತು ಇಲ್ಲಿ ಬಿಡಂಗಿಲ್ಲ. ಮುಚ್ಚಿದ್ದು ಎಲ್ಲರ ಮುಂದ ಮುಚ್ಚೀರಿ. ತೆರೆಯೂದೂ ಎಲ್ಲರ ಮುಂದೇ ತೆರೀರಿ. ಬೀದರದಾಗ ಹಾಡ್ತೇನಿ. ಅಲ್ಲಿ ತನಕ ಬರೀ ರಾಗ."

"ಶಾಣ್ಯಾಕಿ ಇದ್ದಿ ನೀ. ಆತು, ಬೀದರದಾಗೇ ಕೇಳ್ತೇನಿ."

ತಾಲೀಮು ದಾನಮ್ಮನ ಅಂಗಳದಲ್ಲಿ ಶುರುವಾಯಿತು. ಹಾಡು ಯಾರಿಗೂ ಕಲಿಸಬೇಕಾಗಿರಲಿಲ್ಲ. ಕಲಿಸಬೇಕಾದದ್ದು ಕೈಗಳಿಗೆ. ಶೇವಂತಾಬಾಯಿ ಉತ್ತರದ ರಾಗ ಎತ್ತಿದರೆ ಸಾಕು, ಸುತ್ತಿನ ಕೈಗಳು ತಾವಾಗಿಯೇ ಎದ್ದು ಪಟಪಟ ಬಡಿದುಕೊಳ್ಳುತ್ತಿದ್ದವು. "ಅಯ್ಯ, ಹೊಡದೆ ನೋಡ್ರಿ!" ಎಂದು ಒಬ್ಬಳು ನಾಲಗೆ ಕಚ್ಚಿಕೊಳ್ಳುವಳು. ಮತ್ತೆ ಶುರು, ಮತ್ತೆ ಅದೇ. ಸುಮಿತ್ರಾಬಾಯಿಗಂತೂ ಕೈ ತಡೆದರೆ ಕಾಲೇ ನಿಲ್ಲುತ್ತಿತ್ತು, ಸುತ್ತು ಹರಿದುಹೋಗುತ್ತಿತ್ತು. ಕೆಟ್ಟ ಮನಸ್ಸಿನಿಂದಲ್ಲ. ಒಳಗೆ ಅಷ್ಟು ಆಳಕ್ಕೆ ಇಳಿದಿತ್ತು ಅದು.

ಕೊನೆಗೆ ದಾನಮ್ಮನೇ ದಾರಿ ತೆಗೆದರು. "ನಿಮ್ಮ ಕೈ ಸುಮ್ಮ ಕೂಡಂಗಿಲ್ಲ. ಉತ್ತರ ಬಂದಾಗ ಸೆರಗಿನ್ಯಾಗ ಕಟ್ಟಿಕೊಳ್ರಿ." ಮೊದಲು ತಾವೇ ಎರಡೂ ಕೈ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದು ತೋರಿಸಿದರು. ಹಾಗೆ ಮಾಡಿದ ಮೇಲೆ ಕೈ ನಿಂತವು. ಶೇವಂತಾಬಾಯಿಯ ರಾಗವೊಂದೇ ಅಂಗಳದಲ್ಲಿ ಎದ್ದಿತು. ಚಪ್ಪಾಳೆಯಿಲ್ಲದೆ ತನ್ನ ದನಿ ಹೇಗಿರುತ್ತದೆ ಎಂಬುದು ಅವಳಿಗೂ ಅವತ್ತೇ ಗೊತ್ತಾದದ್ದು. ಅದು ಇಷ್ಟು ತೆಳ್ಳಗೆ ಇದೆಯೇ ಎಂದು ಅವಳಿಗೇ ನಾಚಿಕೆಯಾಯಿತು. ಇಷ್ಟು ದಿನ ದಾರಿ ದಾಟಿಸಲು ಚೀರಿ ಚೀರಿ ಹಾಡಿ ರೂಢಿ.

ಒಂದು ಸಂಜೆ ದಾನಮ್ಮನಿಗೆ ಕೆಮ್ಮು ಹತ್ತಿತು. ಸೊಸೆ ನೀರು ತರಲು ಒಳಗೆ ಓಡಿದಳು. ಅಷ್ಟರಲ್ಲಿ ದಾನಮ್ಮ, "ನಿನ್ನ ಬಾಟ್ಲಿ ಕೊಡ ಇಲ್ಲಿ," ಎಂದು ಶೇವಂತಾಬಾಯಿಯ ಕೈಯಿಂದ ಕಿತ್ತುಕೊಂಡು ಗಟಗಟ ಕುಡಿದರು. ಒಬ್ಬಿಬ್ಬರು ಮುಖ ಆ ಕಡೆ ತಿರುಗಿಸಿದರು. ಶೇವಂತಾಬಾಯಿಗೆ, ನಾ ಹಾಡೂದು ಇದೇ ನೋಡ್ರಿ, ನಮ್ಮ ಕೊಡದ ನೀರಿನ ಮಾತೇ ನೋಡ್ರಿ ಎನ್ನಬೇಕೆನಿಸಿತು. ನಾಲಗೆಯ ತುದಿಗೆ ಬಂದದ್ದನ್ನು ತಡೆದಳು. ಬೀದರದಾಗ ಹೇಳಿದರಾಯಿತು ಎಂದುಕೊಂಡಳು.

ಮೇಳ ಇನ್ನೇನು ಬಂತು ಅನ್ನುವಾಗ ದಾನಮ್ಮನಿಗೆ ಲಕ್ವಾ ಹೊಡೆಯಿತು. ಬೆಳಗ್ಗೆ ಲಿಂಗಪೂಜೆಗೆ ಕೂತವರು ಕೂತಲ್ಲೇ ವಾಲಿದರಂತೆ. ಭಾಲ್ಕಿಯ ದವಾಖಾನೆಗೆ ಒಯ್ದರು, ಜೀವ ಉಳಿಯಿತು, ಮನೆಗೆ ತಂದರು. ಬಲಗೈ ಬಲಗಾಲು ಹೋಗಿದ್ದವು. ಮಾತು ಹೋಗಿತ್ತು. ಕಣ್ಣು ಮಾತ್ರ ಬಂದವರ ಮುಖವನ್ನು ಹಿಡಿದುಕೊಳ್ಳುತ್ತಿತ್ತು.

ಶೇವಂತಾಬಾಯಿ ಪಡಸಾಲೆಯ ಹೊಸ್ತಿಲಲ್ಲಿ ನಿಂತು ನೋಡಿ ಬಂದಳು. "ಕೇಳಾವರೇ ಬಿದ್ದಾರ. ಇನ್ನ ನಾ ಯಾರಿಗಿ ಹಾಡಲಿ? ನಾ ಬರಂಗಿಲ್ಲ," ಎಂದು ಸುಮಿತ್ರಾಬಾಯಿಗೆ ಹೇಳಿದಳು.

"ಹಂಗ ಅನಬ್ಯಾಡ್ರಿ ಬಾಯಿ. ಬೀಳೂ ಹಿಂದಿನ ದಿನಾ ಸೈತ ಅತ್ತಿ ಹಸರು ಇಳಕಲ್ ಸೀರಿ ತೆಗದು ಇಟ್ಟಾರ, ಬೀದರಕ್ಕ ಉಡಾಕ ಅಂತ. ಮನಿಷಾನ ಫೋನದಾಗ ಹಿಡಕೊಂಡು ಬರೂಣು. ತಂದು ಕಿವಿ ಹಂತ್ಯಾಕ ಹಚ್ಚೂಣು. ಕೇಳ್ತಾರ. ಕಿವಿ ಇನ್ನೂ ಅದ ಅಂದಾರ ಡಾಕ್ಟರ."

ಆ ಮಾತು ಹಿಡಿದು ಶೇವಂತಾಬಾಯಿ ಹೊರಟಳು.

ಮೇಳ ನಡೆದ ಬೀದರದ ಸಭಾಗೃಹದಲ್ಲಿ ಬೆಳಗಿನಿಂದಲೇ ಮಂದಿ. ಅಷ್ಟೂರಿನ ಕಡೆಯ ಭಜನೆಯವರು, ಔರಾದದ ಕೋಲಾಟದ ಹುಡುಗಿಯರು, ಮೊಹರಂ ಪದ ಹಾಡುವ ಲಾಲ ಅಹ್ಮದನ ಮೇಳ. ವೇದಿಕೆಯ ಹಿಂದೆ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕಾಲು ಚಾಚಿ ಕೂತು ಉಪ್ಪಿಟ್ಟು ತಿಂದರು.

"ನಮಗ ಐದು ಮಿನಿಟ ಅಂದಾರ ಬಾಯಿ," ಎಂದ ಲಾಲ ಅಹ್ಮದ, ಬಿಳಿಗಡ್ಡದೊಳಗೆ ನಗುತ್ತ. "ನಮ್ಮ ಅಬ್ಬಾ ಈ ಪದ ಶುರು ಮಾಡಿದ್ರ ಮುಗಿಯೂದ್ರಾಗ ಬೆಳಕು ಹರೀತಿತ್ತು. ಈಗ ಐದು ಮಿನಿಟದಾಗ ಕರ್ಬಲಾಕ್ಕ ಹೋಗಿ ಅತ್ತು ವಾಪಸ ಬರಬೇಕು. ನಿಮ್ಮ ಬುಲಾಯಿ ಹ್ಯಾಂಗ?"

"ನಮ್ಮಾಕಿ ಈ ಓಣಿಯಿಂದ ಆ ಓಣಿಗಿ ಬರಬೇಕ್ರಿ ಭಾಯಿ. ಅಷ್ಟೇ ದೂರ."

"ಅದು ಕರ್ಬಲಾಕ್ಕಿಂತ ದೂರ ಅದ," ಎಂದು ಅವನು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ಎದ್ದ.

ಅವರ ಸರದಿ ಬಂದಿತು. ಮೇಲಿನ ಓಣಿಯ ಹೆಂಗಸರು ಸುತ್ತುಗಟ್ಟಿದರು. ದಾನಮ್ಮನ ಜಾಗದಲ್ಲಿ, ದಾನಮ್ಮ ತೆಗೆದಿಟ್ಟಿದ್ದ ಹಸಿರು ಸೀರೆಯುಟ್ಟು ಸುಮಿತ್ರಾಬಾಯಿ ನಿಂತಳು. ನಡುವೆ ಶೇವಂತಾಬಾಯಿ. ಕೆಳಗೆ ಮುಂದಿನ ಸಾಲಿನಲ್ಲಿ ಫೋನು ಎತ್ತಿ ಹಿಡಿದ ಮನಿಷಾಳ ಕೈ ಕಂಡಿತು.

ಸುಮಿತ್ರಾಬಾಯಿ ಕೇಳಿದಳು: *ಯಾವ ದಾರಿ ಹಿಡಿದು ಬಂದಾಳ?* ಸುತ್ತಿನ ಕೈಗಳು ಒಂದು ಸಲ ಕೂಡಿ ಬೇರೆಯಾದವು. ಮರುಗಳಿಗೆ ಎಲ್ಲವೂ ಸೆರಗಿನೊಳಗೆ ಹೋದವು. ಒಂದೂ ತಪ್ಪಲಿಲ್ಲ. ಅಷ್ಟು ದೊಡ್ಡ ಸಭಾಗೃಹ ಗಪ್ಪಾಯಿತು. ಅತ್ತೆಯ ಅತ್ತೆ ಕಾಲದಿಂದ ಯಾರೂ ಕೊಡದಿದ್ದ ಸದ್ದಿಲ್ಲದ ಜಾಗ ಅದು. ಶೇವಂತಾಬಾಯಿ ಉಸಿರು ತುಂಬಿಕೊಂಡು ಬಾಯಿ ತೆರೆದಳು.

ವೇದಿಕೆಯ ಅಂಚಿನಲ್ಲಿ ಮೈಕು ಹಿಡಿದು ನಿಂತ ಹುಡುಗಿಗೆ ಆ ಮೌನ ಭಯ ಹುಟ್ಟಿಸಿರಬೇಕು. ಅಜ್ಜಿಯರು ಮರೆತರು, ಧೈರ್ಯ ಕುಂದಿತು ಎಂದು ತಿಳಿದಳೋ ಏನೋ. ಒಳ್ಳೆಯ ಹುಡುಗಿ. ಬೆಳಗಿನಿಂದ ಎಲ್ಲರಿಗೂ ನೀರು ಕೊಟ್ಟು, ಕಾಲು ಮುಟ್ಟಿ ಓಡಾಡಿದ್ದಳು. ಮೈಕನ್ನು ಬಾಯಿಗೆ ತಂದು, "ಬರಲಿ ಬರಲಿ! ನಮ್ಮ ಅಜ್ಜಿಯರಿಗೆ ನಿಮ್ಮೆಲ್ಲರ ಚಪ್ಪಾಳೆ ಬರಲಿ! ನಿಲ್ಲಿಸಬೇಡಿ!" ಎಂದಳು.

ಸಭಾಗೃಹ ಎದ್ದು ಚಪ್ಪಾಳೆ ಹೊಡೆಯಿತು. ಹುಡುಗರು, ಮಾಸ್ತರರು, ಭಜನೆಯವರು, ಕೋಲಾಟದ ಹುಡುಗಿಯರು, ಎಲ್ಲರೂ ನಗುತ್ತ, ತಾಳಕ್ಕೆ ಸರಿಯಾಗಿ. ವೇದಿಕೆಯ ಬದಿಯಿಂದ ವಿಶ್ವಾಸ ಮಾಸ್ತರ ಎರಡೂ ಕೈ ಆಡಿಸಿ ಬೇಡ ಬೇಡ ಎಂದ. ಅದನ್ನೂ ಹುರಿದುಂಬಿಸುವುದು ಎಂದೇ ತಿಳಿದರು ಮಂದಿ. ಶೇವಂತಾಬಾಯಿ ನಿಲ್ಲಿಸಲಿಲ್ಲ. ಒಂದು ಮಾತೂ ನುಂಗಲಿಲ್ಲ. ಹಳೆಯ ರೂಢಿಯಂತೆ ಚೀರಿ ಹಾಡಿದಳು, ದಾರಿ ದಾಟಿಸುವ ಹಾಗೆ. ಆ ದಾರಿ ಇಷ್ಟು ಅಗಲ ಯಾವತ್ತೂ ಇರಲಿಲ್ಲ. ತನ್ನ ಮಾತು ತನಗೇ ಕೇಳಿಸಲಿಲ್ಲ. ಸುತ್ತಿನಲ್ಲಿ ಸುಮಿತ್ರಾಬಾಯಿ ಸೆರಗಿನಲ್ಲಿ ಕೈ ಬಿಗಿದುಕೊಂಡು ಅವಳ ತುಟಿಗಳನ್ನೇ ನೋಡುತ್ತಿದ್ದಳು. ಕಣ್ಣಿಂದ ನೀರು ಇಳಿದು ಅತ್ತೆಯ ಸೀರೆಯ ಮೇಲೆ ಬೀಳುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಅವರಿಗೇ ಬಂದಿತು ಎಂದು ಆಮೇಲೆ ಹೇಳಿದರು. ಶಾಲು ಹೊದಿಸಿದರು.

ಮರುದಿನ ಬೆಳಗ್ಗೆ ಊರಿನ ಬಸ್ಸು ಹತ್ತಿದರು. ಭಾಲ್ಕಿ ದಾಟಿದ ಮೇಲೆ ಮನಿಷಾ ಸಣ್ಣ ದನಿಯಲ್ಲಿ, "ಆಯಿ, ನಾನೂ ಹೊಡದೆ," ಅಂದಳು. "ಫೋನ್ ಬಾಜೂಕ ಕೂತ ಗೆಳತಿ ಕೈಗಿ ಕೊಟ್ಟು ಎರಡೂ ಕೈಲೆ ಹೊಡದೆ. ನೀ ಅಲ್ಲಿ ನಡುವ ನಿಂತಿದ್ದಿ. ನನಗ ಎಷ್ಟು ಖುಷಿ ಆಗಿತ್ತಂದ್ರ, ಯಾಕ ಸುಮ್ಮ ಇರಬೇಕಿತ್ತು ಅನ್ನೂದೇ ಮರತೆ."

"ಖುಷೀಲೆ ಹೊಡದಿ ಬಿಡು."

"ಬೈ ನನಗ."

"ಯಾಕ ಬೈಲಿ?" ಶೇವಂತಾಬಾಯಿ ಕಿಟಕಿಯಾಚೆ ತೊಗರಿಯ ಹೊಲಗಳನ್ನು ನೋಡಿದಳು. "ಆಗೂ ಹಂಗೇ ಇತ್ತು. ಸಿಟ್ಟಿಲೆ ಯಾರೂ ಹೊಡೀತಿದ್ದಿಲ್ಲ. ಹಬ್ಬದ ಖುಷೀಲೆನೇ ಹೊಡೀತಿದ್ರು."

ಮನಿಷಾ ಅಜ್ಜಿಯ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಶಾಲಿನ ಜರಿ ಅವಳ ಕೆನ್ನೆಗೆ ಚುಚ್ಚುತ್ತಿತ್ತು. ಶೇವಂತಾಬಾಯಿ ಅದನ್ನು ತೆಗೆದು ಮಡಿಚಿ ಚೀಲಕ್ಕೆ ಹಾಕಿದಳು.

ಬಸ್ಸಿನಿಂದ ಇಳಿದವರು ನೆಟ್ಟಗೆ ದಾನಮ್ಮನ ಮನೆಗೆ ಹೋದರು. ಪಡಸಾಲೆಯ ಹೊರಸಿನ ಮೇಲೆ ಅವರು ಮಲಗಿದ್ದರು. ಕಣ್ಣು ಬಾಗಿಲಿಗೇ ಇತ್ತು. ಸುಮಿತ್ರಾಬಾಯಿ ಮನಿಷಾಳ ಕೈಯಿಂದ ಫೋನು ಇಸಿದುಕೊಂಡು ಅತ್ತೆಯ ಕಿವಿಗೆ ಹಚ್ಚಿದಳು. ಹಚ್ಚಲೇಬೇಕಿತ್ತು, ಆ ಕಣ್ಣು ಅದನ್ನೇ ಕೇಳುತ್ತಿತ್ತು. ಸೊಸೆಯ ದನಿ ಬಂದಿತು: *ಯಾವ ದಾರಿ ಹಿಡಿದು ಬಂದಾಳ?* ಆಮೇಲೆ ಚಪ್ಪಾಳೆ. ಡಬ್ಬಿಯೊಳಗೆ ಕಾಳು ಅಲುಗಿಸಿದಂಥ ಚಪ್ಪಾಳೆ. ಅದರ ಅಡಿಗೆ ಎಲ್ಲೋ ಒಂದು ರಾಗ.

ದಾನಮ್ಮನ ಕಣ್ಣು ಸೊಸೆಯ ಮುಖದಿಂದ ಶೇವಂತಾಬಾಯಿಯ ಮುಖಕ್ಕೆ ಬಂದಿತು. ಹೊಡೆದವರು ಯಾರು ಎಂದು ಕೇಳುವಂತಿತ್ತು. ಮತ್ತೆ ನಾವೇ ಹೊಡೆದೆವಾ ಎನ್ನುವಂತಿತ್ತು. ಸುಮಿತ್ರಾಬಾಯಿ, "ನಾವಲ್ಲರಿ ಅತ್ತಿ, ನಾವು ಕಟ್ಟಿಕೊಂಡಿದ್ದೆವು, ದೇವರಾಣಿ ಕಟ್ಟಿಕೊಂಡಿದ್ದೆವು," ಎಂದು ಸೆರಗಿನಲ್ಲಿ ಕೈ ಸುತ್ತಿ ತೋರಿಸಿದಳು. ಅತ್ತೆಗೆ ಅದು ತಿಳಿಯಿತೋ ಇಲ್ಲವೋ. ವಾರೆಯಾದ ಬಾಯಿಂದ ಒಂದು ಅಸ್ಪಷ್ಟ ದನಿ ಬಂದಿತು.

"ಅದನ್ನ ಬಂದ ಮಾಡವ್ವ," ಎಂದಳು ಶೇವಂತಾಬಾಯಿ.

ಹೊಸ್ತಿಲು ದಾಟಿ ಒಳಗೆ ಹೋಗಿ ಹೊರಸಿನ ಅಂಚಿಗೆ ಕೂತಳು. ಬಾಯಿಯನ್ನು ದಾನಮ್ಮನ ಕಿವಿಯ ಹತ್ತಿರ ತಂದು, ಚೀರದೆ, ತೊಟ್ಟಿಲ ಮಗುವಿಗೆ ಹಾಡುವಷ್ಟು ಸಣ್ಣ ದನಿಯಲ್ಲಿ ಎತ್ತಿಕೊಂಡಳು.

*ನಮ್ಮ ಓಣಿ ದಾರಿ ಹಿಡಿದು ಬಂದಾಳ*
*ನಮ್ಮ ಕೊಡದ ನೀರು ಕುಡಿದು ಬಂದಾಳ*

ಹೊದಿಕೆಯ ಮೇಲೆ ಮಲಗಿದ್ದ ದಾನಮ್ಮನ ಎಡಗೈ ಎದ್ದಿತು. ಎದ್ದು ಹೊರಸಿನ ಕಟ್ಟಿಗೆಯ ಮೇಲೆ ಬಿದ್ದಿತು. ಮತ್ತೆ ಎದ್ದಿತು, ಬಿದ್ದಿತು. ಟಪ್, ಟಪ್. ಉತ್ತರ ಬಂದ ಹೊತ್ತಿಗೆ ಸರಿಯಾಗಿ, ಅವರ ಅತ್ತೆ ಕಲಿಸಿದ ಆ ತಾಳಕ್ಕೆ ಸರಿಯಾಗಿ. ಹೊಡೆಯಬಾರದೆಂದು ಅಂಗಳದಲ್ಲಿ ಆಡಿದ ಮಾತೂ, ಕಿತ್ತುಕೊಂಡು ಕುಡಿದ ನೀರೂ ಆ ಕೈಗೆ ನೆನಪಿದ್ದಂತಿರಲಿಲ್ಲ. ಸುಮಿತ್ರಾಬಾಯಿ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

ಶೇವಂತಾಬಾಯಿ ಹಾಡು ನಿಲ್ಲಿಸಲಿಲ್ಲ. ಆ ಕೈಯನ್ನು ಹಿಡಿದಳು. ಅಷ್ಟು ವರ್ಷ ದಾರಿಯಾಚೆಯಿಂದ ಕೇಳಿ ಬಲ್ಲ ಕೈ. ಮುಟ್ಟಿದ್ದು ಅದೇ ಮೊದಲು. ಒಣಗಿದ ಜೋಳದ ರವದಿ ಎಲೆಯ ಹಾಗೆ ಹಗುರಾಗಿತ್ತು. ಅವಳ ಮುಷ್ಟಿಯೊಳಗೆ ಅದು ಇನ್ನೂ ಬಡಿಯಲು ನೋಡಿತು. ತನ್ನ ಸೆರಗು ಎಳೆದು ಅದರ ಸುತ್ತ ಸುತ್ತಿದಳು, ಎದೆಗೆ ಒತ್ತಿ ಹಿಡಿದಳು, ಮುಂದಿನ ಸಾಲು ಹಾಡಿದಳು.

*ನಮ್ಮವ್ವ ತಲಿ ಬಾಚಿ ಹೂವ ಮುಡಿಸಿ ಕಳಿಸ್ಯಾಳ*
*ಆ ಕೈಯ ಎಣ್ಣಿ ಇನ್ನೂ ನಿಮ್ಮ ಬುಲಾಯಿ ತಲ್ಯಾಗ ಅದ*
*ಮುಟ್ಟಿ ನೋಡ ಅಕ್ಕ, ನೀ ಮುಟ್ಟಿ ನೋಡ.*

ಸೆರಗಿನೊಳಗೆ ಕೈ ನಿಂತಿತು. ದಣಿದು ನಿಂತಿತೋ, ಕೇಳಿ ನಿಂತಿತೋ. ಶೇವಂತಾಬಾಯಿ ಬಾಗಿ ಆ ಕಣ್ಣುಗಳನ್ನು ನೋಡಿದಳು. ಅವು ಅವಳ ಮುಖವನ್ನು ಬಿಟ್ಟು ತೊಲೆಯ ಕಡೆ ಹೋಗಿದ್ದವು.

"ಕೇಳಿಸ್ತೇನ ದಾನಕ್ಕ?" ಎಂದಳು. ಅಕ್ಕ ಎಂದು ಕರೆದದ್ದು ಹಾಡಿನಲ್ಲಿ ಬಿಟ್ಟರೆ ಅದೊಂದೇ ಸಲ.

ಸೆರಗಿನೊಳಗೆ ಆ ಕೈ ಬೆಚ್ಚಗೇ ಇತ್ತು. ಹೊರಗೆ ರಸ್ತೆಯ ಮೇಲೆ ಟಂಟಂ ಆಟೋ ಒಂದು ಹೋಯಿತು. ಮನಿಷಾ ಹೊಸ್ತಿಲ ಹೊರಗೆ, ಎರಡೂ ಕೈಗಳನ್ನು ಓಢಣಿಯಲ್ಲಿ ಸುತ್ತಿಕೊಂಡು ನಿಂತಿದ್ದಳು. ಶೇವಂತಾಬಾಯಿ ಕೈ ಬಿಡಲಿಲ್ಲ. ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದಳು.